ಆಸ್ಪತ್ರೆಯ ಸೇವೆಗೆ ಮೊದಲ ಪಾಠ

ಶಸ್ತ್ರಚಿಕಿತ್ಸೆಗೆ ಸಿದ್ಧನಾಗಿ ಹಾಸಿಗೆಯ ಮೇಲೆ ಮಲಗಿರುವ ರೋಗಿಯೊಬ್ಬನು ಬಾಯಾರಿ ನೀರು ಬೇಡುತ್ತಾನೆಂದು ಭಾವಿಸೋಣ. ಅವನ ಕಡೆಯವರು ಔಷಧ ತರಲು ಹೋಗಿದ್ದಾರೆ. ದಾದಿಯು ಬೇರೊಬ್ಬ ರೋಗಿಯ ಬಳಿ ಇದ್ದಾಳೆ. ಸೇವೆ ಮಾಡಬೇಕೆಂಬ ಉತ್ಸಾಹದಿಂದ ಅಂದೇ ಮೊದಲ ಬಾರಿಗೆ ಆಸ್ಪತ್ರೆಗೆ ಬಂದಿರುವ ತರುಣನೊಬ್ಬನು ಅವನ ಮಾತು ಕೇಳಿ ಮರುಗಿ, ಒಂದು ಲೋಟ ನೀರು ತಂದು ಕುಡಿಸುತ್ತಾನೆ. ಬಾಯಾರಿದವರಿಗೆ ನೀರು ಕೊಡುವುದಕ್ಕಿಂತ ದೊಡ್ಡ ಪುಣ್ಯವಿಲ್ಲವೆಂದು ನಂಬಿ ಬಂದ ನಾಡು ನಮ್ಮದು. ದಾರಿಯ ಬದಿಯಲ್ಲಿ ಅರವಟ್ಟಿಗೆಗಳನ್ನು ಇರಿಸಿದ ನಾಡು. ಆದರೂ ಆ ಒಂದು ಲೋಟ ನೀರು ಆ ರೋಗಿಯ ಪ್ರಾಣಕ್ಕೆ ಅಪಾಯವನ್ನು ತರಬಹುದು.

ಇದಕ್ಕೆ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ನಾವು ಎಚ್ಚರವಾಗಿರುವಾಗ, ನುಂಗಿದ ಪದಾರ್ಥವು ಶ್ವಾಸನಾಳಕ್ಕೆ ಇಳಿಯದಂತೆ ಗಂಟಲಿನ ಸ್ನಾಯುಗಳು ಕಾಯುತ್ತಿರುತ್ತವೆ. ತಪ್ಪಿ ಒಂದು ಹನಿ ಇಳಿದರೂ ಕೆಮ್ಮು ಬಂದು ಅದನ್ನು ಹೊರಕ್ಕೆ ತಳ್ಳುತ್ತದೆ. ಅರಿವಳಿಕೆಯನ್ನು ಕೊಟ್ಟಾಗ ರೋಗಿಯೊಡನೆ ಈ ಕಾವಲೂ ನಿದ್ರೆಹೋಗುತ್ತದೆ. ಆಗ ಜಠರದಲ್ಲಿರುವ ನೀರು ಅಥವಾ ಆಹಾರವು ಅಲ್ಲಿಯ ಆಮ್ಲದೊಡನೆ ಬೆರೆತು ಮೇಲಕ್ಕೆ ಬಂದು ಶ್ವಾಸಕೋಶಗಳನ್ನು ಸೇರಿದರೆ, ಅವು ಸುಟ್ಟಂತಾಗಿ ರೋಗಿಯು ಉಸಿರಾಡಲಾರದೆ ಹೋಗಬಹುದು. ಆದುದರಿಂದಲೇ ಅರಿವಳಿಕೆಗೆ ಮುಂಚೆ ಕನಿಷ್ಠ ೬ ಗಂಟೆಗಳ ಕಾಲ ಗಟ್ಟಿ ಆಹಾರವನ್ನೂ, ೨ ಗಂಟೆಗಳ ಕಾಲ ನೀರನ್ನೂ ಕೊಡಬಾರದೆಂಬ ನಿಯಮವಿದೆ. ನಮ್ಮ ತರುಣನಿಗೆ ಇದು ತಿಳಿದಿರಲಿಲ್ಲ. ಅವನ ಹೃದಯದಲ್ಲಿ ಯಾವ ದೋಷವೂ ಇರಲಿಲ್ಲ, ಕೊರತೆಯಿದ್ದುದು ತಿಳಿವಳಿಕೆಯಲ್ಲಿ.

ಎಳನೀರಿನ ವಿಷಯವೂ ಹೀಗೆಯೆ. ಕಾಯಿಲೆಯವರನ್ನು ನೋಡಲು ಹೋಗುವಾಗ ಎಳನೀರು ಕೊಂಡೊಯ್ಯುವುದು ನಮ್ಮಲ್ಲಿ ವಾಡಿಕೆ. ಆದರೆ ಅದರಲ್ಲಿ ಪೊಟಾಸಿಯಂ ಅಂಶವು ಹೇರಳವಾಗಿದೆ. ಮೂತ್ರಪಿಂಡಗಳು ಕೆಟ್ಟಿರುವ ರೋಗಿಯ ದೇಹವು ಅದನ್ನು ಹೊರಹಾಕಲಾರದು. ರಕ್ತದಲ್ಲಿ ಪೊಟಾಸಿಯಂ ಮಿತಿಮೀರಿದರೆ ಹೃದಯದ ಬಡಿತವೇ ನಿಲ್ಲುವುದುಂಟು. ಪಾರ್ಶ್ವವಾಯು ಬಡಿದು ನುಂಗುವ ಶಕ್ತಿ ಕುಂದಿರುವವರಿಗೆ ಮಲಗಿದಂತೆಯೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಉಂಟಾಗಬಹುದು. ನೀರು, ಎಳನೀರು, ಗಂಜಿ ಇವು ಮೂರೂ ನಮ್ಮ ಕಣ್ಣಿಗೆ ಪ್ರೀತಿಯ ಕುರುಹುಗಳು. ಆದರೆ ಆಸ್ಪತ್ರೆಯಲ್ಲಿ ಇವು ಮೂರಕ್ಕೂ ವೈದ್ಯರ ಅಪ್ಪಣೆ ಬೇಕು.

ಆಸ್ಪತ್ರೆಯಲ್ಲಿ ಸ್ವಯಂಸೇವೆಯನ್ನು ಆರಂಭಿಸಬೇಕೆಂದಿರುವ ವಿದ್ಯಾರ್ಥಿಗಳಿಗೆ ಈ ಲೇಖನದಲ್ಲಿ ಹೇಳಬೇಕಾಗಿರುವ ಮಾತು ಇದೇ: ಅಲ್ಲಿ ಸದ್ಭಾವನೆಯೊಂದೇ ಸಾಲದು, ಅದಕ್ಕೆ ಶಾಸ್ತ್ರಜ್ಞಾನದ ಬೆಂಬಲ ಬೇಕು. ಅಂಥ ಜ್ಞಾನವನ್ನು ಪಡೆಯದೆ ವಾರ್ಡಿನೊಳಕ್ಕೆ ಕಾಲಿಡುವ ಹಕ್ಕು ಯಾರಿಗೂ ಇಲ್ಲ. ಆದರೆ ಅದನ್ನು ಪಡೆದು ಬಂದ ತರುಣರನ್ನು ಬಾಗಿಲಲ್ಲೇ ತಡೆದು ಹಿಂದಿರುಗಿಸುವುದೂ ನ್ಯಾಯವಲ್ಲ. ಈ ಎರಡು ಮಾತುಗಳನ್ನೂ ಕೂಡಿಸಿ ಪರ್ಯಾಲೋಚಿಸಬೇಕು.

ಕೊಣನೂರಿನಂಥ ಊರು

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಡದ ಮೇಲೆ ಕೊಣನೂರು ಇದೆ. ಸುತ್ತಲಿನ ಹಳ್ಳಿಗಳಲ್ಲಿ ಬತ್ತವನ್ನೂ ಹೊಗೆಸೊಪ್ಪನ್ನೂ ಬೆಳೆಯುತ್ತಾರೆ. ಸ್ವಲ್ಪ ದೂರದಲ್ಲಿ ರಾಮನಾಥಪುರ ಕ್ಷೇತ್ರವಿದೆ. ಊರಿನಲ್ಲಿ ಸರ್ಕಾರಿ ಆಸ್ಪತ್ರೆಯುಂಟು, ಪ್ರೌಢಶಾಲೆಯುಂಟು, ಪ್ರಥಮ ದರ್ಜೆಯ ಕಾಲೇಜೂ ಉಂಟು. ಜ್ವರ, ಹೆರಿಗೆ, ಹಾವಿನ ಕಡಿತ ಮುಂತಾದುವಕ್ಕೆ ಸುತ್ತಲಿನವರು ಮೊದಲು ಬರುವುದು ಇಂಥ ಊರಿನ ಆಸ್ಪತ್ರೆಗೆ. ಕಾಯಿಲೆ ಕಠಿನವಾದರೆ ಅರಕಲಗೂಡಿಗೆ, ಅಲ್ಲಿಂದ ಮುಂದೆ ಸುಮಾರು ೫೦ ಕಿಲೋಮೀಟರು ದೂರದ ಹಾಸನಕ್ಕೆ ಹೋಗುತ್ತಾರೆ. ಹಾಸನದಲ್ಲಿ ೨೦೦೬ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ.

ನಮ್ಮ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಣದ ಒಂದು ಆಧಾರವುಂಟು. ಅದು ರೋಗಿಯ ಜೊತೆಗೆ ಬಂದವರು. ಊಟ ತರುವವರು, ಚೀಟಿ ಮಾಡಿಸುವವರು, ಕೈಹಿಡಿದು ನಡೆಸುವವರು, ರಾತ್ರಿ ಎಚ್ಚರವಿದ್ದು ಸಿಸ್ಟರನ್ನು ಕರೆಯುವವರು ಅವರೇ. ಮನೆ ತುಂಬ ಜನರಿದ್ದ ಕಾಲದಲ್ಲಿ ಈ ಏರ್ಪಾಡು ಹೇಗೋ ನಡೆಯಿತು. ಈಗ ಹಳ್ಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಿಗೋ ಮೈಸೂರಿಗೋ ಕೆಲಸಕ್ಕೆ ಹೋಗಿದ್ದಾರೆ. ಉಳಿದಿರುವವರು ಅಜ್ಜ, ಅಜ್ಜಿ ಇಬ್ಬರೇ. ಅಜ್ಜನಿಗೆ ಕಾಯಿಲೆಯಾದರೆ ಜೊತೆಗೆ ಬರುವವಳು ಓದು ಬಾರದ, ಕಣ್ಣು ಮಂದವಾದ ಅಜ್ಜಿ. ಯಾವ ಕೋಣೆಯಲ್ಲಿ ರಕ್ತಪರೀಕ್ಷೆ, ಯಾವ ಕಿಟಕಿಯಲ್ಲಿ ಔಷಧ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯಕ್ಕೆ ಯಾವ ಕಾಗದ ಬೇಕು ಎಂಬುದನ್ನು ಹತ್ತು ಕಡೆ ಕೇಳಿ ಹತ್ತು ಕಡೆ ತಿರುಗುವುದರಲ್ಲಿಯೇ ಅವಳ ಅರ್ಧ ದಿನ ಕಳೆಯುತ್ತದೆ. ಈ ಕೆಲಸಕ್ಕೆ ವೈದ್ಯಕೀಯ ಪದವಿ ಬೇಕಿಲ್ಲ. ಅಕ್ಷರ ಬಲ್ಲ, ತಾಳ್ಮೆಯುಳ್ಳ ಒಬ್ಬ ವಿದ್ಯಾರ್ಥಿ ಸಾಕು.

ಹೀಗೆ ಒಂದು ಕಡೆ ಆಸ್ಪತ್ರೆಗೆ ಕೈಗಳು ಬೇಕಾಗಿವೆ. ಇನ್ನೊಂದು ಕಡೆ ಅದೇ ಊರಿನ ಕಾಲೇಜಿನಲ್ಲಿ ಕೈಗಳಿವೆ. ನಡುವೆ ಇರಬೇಕಾದದ್ದು ಶಿಕ್ಷಣ.

ಕೈಯ ವಿಚಾರ

ಕೈ ಎಂದೊಡನೆ ವಿದ್ಯಾರ್ಥಿಗಳು ನೆನಪಿಡಬೇಕಾದ ಒಂದು ಇತಿಹಾಸವಿದೆ. ೧೮೪೦ರ ದಶಕದಲ್ಲಿ ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆಯ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ೧೮೪೬ರಲ್ಲಿ ವಿದ್ಯಾರ್ಥಿಗಳ ವಿಭಾಗದಲ್ಲಿ ನೂರಕ್ಕೆ ೧೧ಕ್ಕೂ ಹೆಚ್ಚು ಮಂದಿ ತಾಯಂದಿರು ಸತ್ತರು. ಸೂಲಗಿತ್ತಿಯರ ವಿಭಾಗದಲ್ಲಿ ಸತ್ತವರು ನೂರಕ್ಕೆ ೩ಕ್ಕೂ ಕಡಿಮೆ. ಸಾವಿಗೆ ಕಾರಣ ಸೂತಿಕಾಜ್ವರ, ಅಂದರೆ ಬಾಣಂತಿ ನಂಜು. ಮೊದಲನೆಯ ವಿಭಾಗಕ್ಕೆ ತಮ್ಮನ್ನು ಸೇರಿಸಬೇಡಿರೆಂದು ಬಡ ಹೆಂಗಸರು ಅಂಗಲಾಚುತ್ತಿದ್ದರು.

ಇಗ್ನಾಟ್ಸ್ ಸೆಮ್ಮೆಲ್ವೈಸ್ ಎಂಬ ಹಂಗೆರಿಯ ತರುಣ ವೈದ್ಯನು ಇದರ ಕಾರಣವನ್ನು ಹುಡುಕಿದನು. ೧೮೪೭ರಲ್ಲಿ ಅವನ ಸ್ನೇಹಿತನಾದ ಕೊಲ್ಲೆಚ್ಕಾ ಎಂಬ ವೈದ್ಯನು ಶವಪರೀಕ್ಷೆಯ ಸಮಯದಲ್ಲಿ ಚಾಕು ತಗಲಿ ಗಾಯವಾಗಿ ಸತ್ತನು. ಅವನ ದೇಹದಲ್ಲಿ ಕಂಡ ಚಿಹ್ನೆಗಳು ಬಾಣಂತಿ ನಂಜಿನಿಂದ ಸತ್ತವರಲ್ಲಿ ಕಂಡವುಗಳಂತೆಯೇ ಇದ್ದವು. ವಿದ್ಯಾರ್ಥಿಗಳು ಶವಗಳನ್ನು ಕೊಯ್ದು ಕಲಿತು, ಅದೇ ಕೈಗಳಿಂದ ಹೆರಿಗೆಯ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ. ಇದನ್ನು ಕಂಡುಕೊಂಡ ಸೆಮ್ಮೆಲ್ವೈಸನು ಆ ವರ್ಷದ ಮೇ ತಿಂಗಳಿನಿಂದ ಎಲ್ಲರೂ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ವಿಧಿಸಿದನು. ಏಪ್ರಿಲಿನಲ್ಲಿ ನೂರಕ್ಕೆ ೧೮ರಷ್ಟಿದ್ದ ಸಾವು ಜೂನಿನಲ್ಲಿ ಸುಮಾರು ೨ಕ್ಕೆ ಇಳಿಯಿತು. ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆಂಬ ಸಿದ್ಧಾಂತವು ಇನ್ನೂ ಸ್ಥಾಪಿತವಾಗದಿದ್ದ ಕಾಲವದು.

ಆ ವಿದ್ಯಾರ್ಥಿಗಳು ಕೆಟ್ಟವರಾಗಿರಲಿಲ್ಲ, ಸೋಮಾರಿಗಳೂ ಆಗಿರಲಿಲ್ಲ. ಕಲಿಯಬೇಕು, ನೆರವಾಗಬೇಕು ಎಂಬ ಆಸೆಯಿಂದಲೇ ಬಂದವರು. ಆದರೂ ಅವರ ಕೈಗಳೇ ಮೃತ್ಯುವನ್ನು ಹೊತ್ತು ತಂದವು. ಹಾಸಿಗೆಯಿಂದ ಹಾಸಿಗೆಗೆ ನಗುಮೊಗದಿಂದ ಹೋಗಿ ಎಲ್ಲರ ಕೈಹಿಡಿದು ಮಾತನಾಡಿಸುವ ಸ್ವಯಂಸೇವಕನೂ ಕೈ ತೊಳೆಯದಿದ್ದರೆ ಅದೇ ಕೆಲಸವನ್ನು ಮಾಡಿದಂತಾಗುತ್ತದೆ. ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ, ಅವನ ಮಂಚವನ್ನೋ ಹೊದಿಕೆಯನ್ನೋ ಮುಟ್ಟಿದ ಮೇಲೆ ಸಹ ಕೈ ಶುದ್ಧಿ ಮಾಡಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಮದ್ಯಸಾರದ ದ್ರವವಾದರೆ ೨೦ರಿಂದ ೩೦ ಸೆಕೆಂಡು, ಸಾಬೂನು ನೀರಾದರೆ ೪೦ರಿಂದ ೬೦ ಸೆಕೆಂಡು ಬೇಕು. ಮದ್ಯಸಾರವು ಅನೇಕ ರೋಗಾಣುಗಳ ಹೊರಪದರವನ್ನು ಕರಗಿಸಿ ಅವನ್ನು ಕೊಲ್ಲುತ್ತದೆ. ಆದರೆ ಕಣ್ಣಿಗೆ ಕಾಣುವಷ್ಟು ಕೊಳೆಯಾದ ಕೈಗೂ, ಭೇದಿಯ ರೋಗಿಯನ್ನು ಮುಟ್ಟಿದ ಕೈಗೂ ಅದು ಸಾಲದು. ಅಲ್ಲಿ ಸಾಬೂನು ನೀರೇ ಆಗಬೇಕು.

ಮಾತಿನಿಂದ ತಪ್ಪುವ ಕಾಯಿಲೆ

ಇಷ್ಟೆಲ್ಲ ಎಚ್ಚರಿಕೆಗಳನ್ನು ಕೇಳಿದ ವಿದ್ಯಾರ್ಥಿಯು, ಹಾಗಾದರೆ ತನ್ನಂಥವನಿಂದ ಆಸ್ಪತ್ರೆಗೆ ಏನು ಪ್ರಯೋಜನ ಎಂದು ಕೇಳಬಹುದು. ಪ್ರಯೋಜನವುಂಟು; ಅದನ್ನು ಅಳೆದು ನೋಡಿದ್ದೂ ಉಂಟು.

ವಯಸ್ಸಾದವರು ಕಾಯಿಲೆಯಿಂದ ಆಸ್ಪತ್ರೆಯನ್ನು ಸೇರಿದಾಗ ಒಮ್ಮೊಮ್ಮೆ ಎರಡು ಮೂರು ದಿನಗಳಲ್ಲಿ ಅವರ ಬುದ್ಧಿ ಕದಡುತ್ತದೆ. ಇರುವ ಸ್ಥಳ ತಿಳಿಯದು, ಹಗಲು ರಾತ್ರಿಗಳ ವ್ಯತ್ಯಾಸ ತಿಳಿಯದು. ಮಕ್ಕಳ ಗುರುತು ಹತ್ತದು, ಇಲ್ಲದವರು ಕಾಣುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇಂಥ ಸ್ಥಿತಿಯನ್ನು ಸನ್ನಿ ಎನ್ನುತ್ತಾರೆ. ಇದು ಹುಚ್ಚಲ್ಲ, ಸೋಂಕು, ಔಷಧ, ನಿದ್ರಾಭಂಗ, ನೀರಿನ ಕೊರತೆ ಮೊದಲಾದವುಗಳಿಂದ ಮಿದುಳು ತಾತ್ಕಾಲಿಕವಾಗಿ ದಾರಿ ತಪ್ಪುವುದು. ಸನ್ನಿ ಹಿಡಿದ ವೃದ್ಧರು ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯುತ್ತಾರೆ, ಬೀಳುತ್ತಾರೆ. ಅವರಲ್ಲಿ ಸಾವೂ ಹೆಚ್ಚು.

ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಡಾಕ್ಟರ್ ಶರನ್ ಇನೋಯೆ ಮತ್ತು ಅವರ ಸಂಗಡಿಗರು ೭೦ ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ೮೫೨ ಮಂದಿ ರೋಗಿಗಳ ಮೇಲೆ ಒಂದು ಪ್ರಯೋಗವನ್ನು ನಡೆಸಿ ೧೯೯೯ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ರೋಗಿಗಳನ್ನು ೪೨೬ ಮಂದಿಯ ಎರಡು ಗುಂಪುಗಳಾಗಿ, ಒಂದರಲ್ಲಿರುವವನಿಗೆ ಹೋಲುವವನು ಇನ್ನೊಂದರಲ್ಲಿರುವಂತೆ, ಆರಿಸಿಕೊಂಡರು. ಒಂದು ಗುಂಪಿಗೆ ಸಾಮಾನ್ಯವಾದ ಆರೈಕೆ. ಇನ್ನೊಂದಕ್ಕೆ ಅದರ ಜೊತೆಗೆ, ವೈದ್ಯರು ಮತ್ತು ದಾದಿಯರ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆದ ಸ್ವಯಂಸೇವಕರ ನೆರವು. ಈ ಸ್ವಯಂಸೇವಕರು ಸೂಜಿ ಚುಚ್ಚಲಿಲ್ಲ, ಔಷಧ ಕೊಡಲಿಲ್ಲ. ದಿನವೂ ಬಂದು ಹೆಸರು ಹಿಡಿದು ಮಾತನಾಡಿಸಿದರು. ಇಂದು ಯಾವ ವಾರ, ಈಗ ಎಷ್ಟು ಗಂಟೆ, ಇರುವುದು ಯಾವ ಊರಿನಲ್ಲಿ ಎಂಬುದನ್ನು ನೆನಪಿಸಿದರು. ಕನ್ನಡಕವನ್ನು ಹುಡುಕಿಕೊಟ್ಟರು, ಕಿವಿ ಮಂದವಾದವರಿಗೆ ಶ್ರವಣಯಂತ್ರವನ್ನು ಹಾಕಿಸಿದರು. ನಡೆಯಬಲ್ಲವರನ್ನು ನಡೆಸಿದರು, ನೀರು ಕುಡಿಯಬಹುದಾದವರಿಗೆ ಕುಡಿಸಿದರು. ರಾತ್ರಿ ಬಿಸಿಯಾದ ಪಾನೀಯ ಕೊಟ್ಟು, ಬೆನ್ನು ನೀವಿ, ಗದ್ದಲವನ್ನು ಕಡಮೆ ಮಾಡಿ ನಿದ್ರೆ ಬರುವಂತೆ ನೋಡಿಕೊಂಡರು.

ಸಾಮಾನ್ಯ ಆರೈಕೆಯ ಗುಂಪಿನಲ್ಲಿ ೬೪ ಮಂದಿಗೆ ಸನ್ನಿಯಾಯಿತು, ಅಂದರೆ ನೂರಕ್ಕೆ ೧೫. ಇನ್ನೊಂದು ಗುಂಪಿನಲ್ಲಿ ೪೨ ಮಂದಿಗೆ ಮಾತ್ರ, ಅಂದರೆ ನೂರಕ್ಕೆ ೯.೯. ಒಂದು ವಿಷಯವನ್ನು ಇಲ್ಲಿ ಗಮನಿಸಬೇಕು. ಸನ್ನಿಯು ಒಮ್ಮೆ ಬಂದ ಮೇಲೆ ಅದರ ತೀವ್ರತೆಯನ್ನು ಈ ಕ್ರಮವು ತಗ್ಗಿಸಲಿಲ್ಲ. ಬಾರದಂತೆ ತಡೆಯುವುದರಲ್ಲಿಯೇ ಅದರ ಶಕ್ತಿ. ಆದುದರಿಂದ ಸ್ವಯಂಸೇವಕನು ಮೊದಲ ದಿನವೇ ಮಂಚದ ಬಳಿ ಇರಬೇಕು, ಕಾಯಿಲೆ ಕೆಟ್ಟ ಮೇಲಲ್ಲ.

“ಅಜ್ಜಿ, ಈಗ ಬೆಳಗಿನ ಹತ್ತು ಗಂಟೆ. ನೀವಿರುವುದು ಹಾಸನದ ಆಸ್ಪತ್ರೆಯಲ್ಲಿ. ನಿಮ್ಮ ಮಗಳು ಔಷಧ ತರಲು ಹೋಗಿದ್ದಾರೆ, ಇನ್ನೇನು ಬರುತ್ತಾರೆ” ಎಂದು ಹೇಳುವುದು ಸಾಮಾನ್ಯವಾದ ಮಾತಿನಂತೆ ತೋರುತ್ತದೆ. ಆದರೆ ಮಿದುಳಿಗೆ ಅದು ಕತ್ತಲಲ್ಲಿ ಕೈಗೆ ಸಿಕ್ಕಿದ ಗೋಡೆಯಿದ್ದಂತೆ. ಕೊಣನೂರಿನ ಸೀಮೆಯ ಅಜ್ಜಿಗೆ ಆ ಸೀಮೆಯ ಮಾತಿನಲ್ಲಿಯೇ, ಅವಳ ಹೊಲದ, ಹಸುವಿನ, ಮೊಮ್ಮಕ್ಕಳ ಮಾತನ್ನು ಆಡಬಲ್ಲವರು ಅದೇ ಸೀಮೆಯ ಹುಡುಗ ಹುಡುಗಿಯರಲ್ಲದೆ ಮತ್ತಾರು? ಯಾವ ಯಂತ್ರವೂ ಮಾಡಲಾರದ ಚಿಕಿತ್ಸೆಯಿದು.

ಮೊದಲೇ ಕಲಿತವರು

ನಮ್ಮ ನಾಡಿಗೂ ಇದು ಹೊಸದಲ್ಲ. ೧೯೧೮ರ ಇನ್‌ಫ್ಲುಯೆಂಜಾ ಪಿಡುಗು ಮೈಸೂರು ಸಂಸ್ಥಾನವನ್ನು ಹೊಕ್ಕಾಗ ಅದಕ್ಕೆ ಮದ್ದೇ ಇರಲಿಲ್ಲ. ಬೆಂಗಳೂರಿನಲ್ಲಿ ಸ್ವಯಂಸೇವಕರು ಬೀದಿಬೀದಿ ತಿರುಗಿ ಔಷಧವನ್ನೂ ಗಂಜಿಯನ್ನೂ ಹಂಚಿದರು. ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದ್ದ ಮನೆಗಳಲ್ಲಿ ಗಂಜಿ ಮಾಡಿಕೊಡುವವರು ಬಂದುದೇ ದೊಡ್ಡ ಉಪಕಾರ. ೨೦೨೦ರಲ್ಲಿ ಕೋವಿಡ್ ಬಂದಾಗ ಪುನಃ ಅದೇ ಕಷ್ಟ. ಮನೆಯವರು ಆಸ್ಪತ್ರೆಯ ಒಳಗೆ ಬರುವಂತಿರಲಿಲ್ಲ, ವೃದ್ಧರು ಒಬ್ಬೊಬ್ಬರೇ ಮಲಗಿದ್ದರು. ನೆರವಾಗಲು ತರುಣರು ಬಹು ಮಂದಿ ಮುಂದೆ ಬಂದರು. ಆದರೆ ಪಿಡುಗು ಬಾಗಿಲಿಗೆ ಬಂದು ನಿಂತಾಗ ತರಬೇತಿಯನ್ನು ಆರಂಭಿಸುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಈ ಮಾತನ್ನು ರೆಡ್ ಕ್ರಾಸಿನ ಪ್ರವರ್ತಕನಾದ ಹೆನ್ರಿ ಡ್ಯೂನಾನನು ಬಹಳ ಹಿಂದೆಯೇ ಕಂಡುಕೊಂಡಿದ್ದನು. ೧೮೫೯ರಲ್ಲಿ ಇಟಲಿಯ ಸಾಲ್ಫೆರಿನೋ ಯುದ್ಧದಲ್ಲಿ ಗಾಯಗೊಂಡವರಿಗೆ ನೆರೆಯ ಊರಿನ ಹೆಂಗಸರು ಶತ್ರು ಮಿತ್ರರೆಂಬ ಭೇದವಿಲ್ಲದೆ ಉಪಚರಿಸಿದುದನ್ನು ಅವನು ನೋಡಿದನು, ತಾನೂ ಕೈಗೂಡಿಸಿದನು. ಅವರ ಕರುಣೆಯನ್ನು ಅವನು ಹೊಗಳಿದನು. ಅಲ್ಲಿಗೇ ನಿಲ್ಲದೆ, ಶಾಂತಿಯ ಕಾಲದಲ್ಲಿಯೇ ಸ್ವಯಂಸೇವಕರನ್ನು ಅಣಿಗೊಳಿಸಿ ಕಲಿಸುವ ಸಂಘಗಳು ಎಲ್ಲ ದೇಶಗಳಲ್ಲಿಯೂ ಬೇಕೆಂದು ೧೮೬೨ರ ತನ್ನ ಪುಸ್ತಕದಲ್ಲಿ ವಾದಿಸಿದನು. ಭಾರತೀಯ ರೆಡ್ ಕ್ರಾಸ್ ಸಂಸ್ಥೆಯು ೧೯೨೦ರಲ್ಲಿ ಸ್ಥಾಪಿತವಾಯಿತು.

ನೆರೆಯ ಕೇರಳದ ಉದಾಹರಣೆ ಇನ್ನೂ ಹತ್ತಿರದ್ದು. ಕೋಯಿಕ್ಕೋಡಿನಲ್ಲಿ ೧೯೯೩ರಲ್ಲಿ ಆರಂಭವಾದ, ವಾಸಿಯಾಗದ ಕಾಯಿಲೆಯವರ ನೋವನ್ನು ಶಮನಮಾಡುವ ಕಾರ್ಯವು ಮುಂದೆ ಊರೂರಿಗೆ ಹರಡಿತು. ಅದನ್ನು ಹೊತ್ತು ನಡೆಸಿದವರಲ್ಲಿ ಶಾಲಾ ಶಿಕ್ಷಕರು, ಅಂಗಡಿಯವರು, ಗೃಹಿಣಿಯರು, ವಿದ್ಯಾರ್ಥಿಗಳು ಇದ್ದರು. ಅವರಿಗೆ ೧೬ ಗಂಟೆಗಳ ಪಾಠ, ಅದರ ಮೇಲೆ ಅನುಭವಿಗಳ ಜೊತೆಗೆ ೪ ದಿನಗಳ ಅಭ್ಯಾಸ. ನಮ್ಮ ಬೆಂಗಳೂರಿನಲ್ಲಿಯೂ ೧೯೯೪ರಲ್ಲಿ ಹುಟ್ಟಿದ ಟ್ರಸ್ಟೊಂದರ ‘ಕರುಣಾಶ್ರಯ’ವು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತ ಬಂದಿದೆ. ಹದಿನಾರು ಗಂಟೆಗಳ ಪಾಠವೇನೂ ದೊಡ್ಡ ಭಾರವಲ್ಲ. ನಮ್ಮ ವಿದ್ಯಾರ್ಥಿಗಳು ಒಂದು ಪರೀಕ್ಷೆಗೆ ಓದುವ ಕಾಲಕ್ಕಿಂತ ಅದು ಕಡಮೆ.

ಊರಿನವರ ಗುಟ್ಟು

ಸಣ್ಣ ಊರಿನ ಸ್ವಯಂಸೇವಕನಿಗೆ ದೊಡ್ಡ ನಗರದವನಿಗಿಲ್ಲದ ಒಂದು ಪರೀಕ್ಷೆಯುಂಟು. ಬೆಂಗಳೂರಿನ ವಾರ್ಡಿನಲ್ಲಿ ಕಂಡ ರೋಗಿಯು ಮತ್ತೆ ಕಣ್ಣಿಗೆ ಬೀಳುವುದು ಅಪರೂಪ. ಕೊಣನೂರಿನಲ್ಲಿ ಹಾಗಲ್ಲ. ಹೊರರೋಗಿಗಳ ಸಾಲಿನಲ್ಲಿ ನಿಂತವರು ಪಕ್ಕದ ಬೀದಿಯವರು, ಸಹಪಾಠಿಯ ಅಕ್ಕ, ತಂದೆಯ ಸ್ನೇಹಿತರು. ಒಬ್ಬರಿಗೆ ಕ್ಷಯ, ಒಬ್ಬಳಿಗೆ ಮದುವೆಗೆ ಮುಂಚಿನ ಬಸಿರು, ಇನ್ನೊಬ್ಬರಿಗೆ ಹೆಚ್.ಐ.ವಿ. ಪರೀಕ್ಷೆ. “ಅವರಿಗೇನಂತೆ?” ಎಂದು ಮನೆಯಲ್ಲಿ ತಾಯಿ ಕೇಳುವುದು ಸಹಜವೇ. ಆಗ ಬಾಯಿ ತೆರೆಯದಿರುವುದೇ ಸೇವೆ.

ಇದು ಬರಿಯ ಸಭ್ಯತೆಯ ಮಾತಲ್ಲ. ತನ್ನ ಕಾಯಿಲೆಯು ಊರಿಗೆಲ್ಲ ತಿಳಿಯುತ್ತದೆಂಬ ಭಯವಿರುವವನು ಆಸ್ಪತ್ರೆಗೇ ಬರುವುದಿಲ್ಲ. ಶ್ವಾಸಕೋಶದ ಕ್ಷಯವನ್ನು ಮುಚ್ಚಿಟ್ಟುಕೊಂಡವನು ಕೆಮ್ಮಿದಾಗಲೆಲ್ಲ ಅದನ್ನು ಹರಡುತ್ತಾನೆ. ಬಸಿರನ್ನು ಬಚ್ಚಿಟ್ಟವಳು ಅಪಾಯದ ಕೈಗಳಿಗೆ ಸಿಕ್ಕಿಕೊಳ್ಳುತ್ತಾಳೆ. ಒಂದು ಸಡಿಲವಾದ ನಾಲಗೆಯಿಂದ ಒಂದು ಊರಿನ ಆರೋಗ್ಯವೇ ಕೆಡಬಹುದು. ಒಬ್ಬರ ಹೆಚ್.ಐ.ವಿ. ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಬಾರದೆಂದು ೨೦೧೭ರ ಕಾಯಿದೆಯೇ ಇದೆ. ವಾರ್ಡಿನಲ್ಲಿ ಮೊಬೈಲಿನಿಂದ ಚಿತ್ರ ತೆಗೆದು ನಾಲ್ಕು ಜನರಿಗೆ ಕಳುಹಿಸುವುದೂ ಗುಟ್ಟನ್ನು ಬಿಟ್ಟುಕೊಡುವುದೇ ಸರಿ. ಸೇವೆಯ ಚಿತ್ರವಾದರೂ ಅದು ರೋಗಿಯ ಚಿತ್ರ.

ಎರಡು ಆಕ್ಷೇಪಣೆಗಳು

ಈ ವಿಚಾರಕ್ಕೆ ಎರಡು ಆಕ್ಷೇಪಣೆಗಳು ಬರುತ್ತವೆ. ಎರಡರಲ್ಲಿಯೂ ಸತ್ಯಾಂಶವಿದೆ.

ಮೊದಲನೆಯದು ಆಸ್ಪತ್ರೆಯವರದು. “ಇರುವ ಕೆಲಸವೇ ಹೊರಲಾರದಷ್ಟಿದೆ, ಈ ಹುಡುಗರನ್ನು ಕಾಯುವುದು ಇನ್ನೊಂದು ಕೆಲಸವಾಗುತ್ತದೆ. ಪ್ರಮಾಣಪತ್ರಕ್ಕಾಗಿ ನಾಲ್ಕು ದಿನ ಬಂದು ಮಾಯವಾಗುತ್ತಾರೆ” ಎಂದು ಅವರು ಹೇಳುತ್ತಾರೆ. ಗೊತ್ತು ಗುರಿಯಿಲ್ಲದೆ ಬರುವವರ ವಿಷಯದಲ್ಲಿ ಇದು ನಿಜ. ಇದಕ್ಕೆ ಪರಿಹಾರ ಬಾಗಿಲು ಮುಚ್ಚುವುದಲ್ಲ. ಬಂದವರಿಗೆ ನಿಶ್ಚಿತವಾದ ದಿನ, ನಿಶ್ಚಿತವಾದ ಗಂಟೆ, ನಿಶ್ಚಿತವಾದ ಕೆಲಸ, ಕೇಳಿ ತಿಳಿಯಲು ಒಬ್ಬ ನಿಶ್ಚಿತವಾದ ಸಿಸ್ಟರ್ ಇರುವಂತೆ ಮಾಡುವುದು.

ಎರಡನೆಯದು ಇನ್ನೂ ಗಂಭೀರವಾದುದು. ಬಿಟ್ಟಿಯಾಗಿ ಕೆಲಸ ಮಾಡುವವರು ಸಿಕ್ಕಿದರೆ ಸಂಬಳದ ಹುದ್ದೆಗಳನ್ನು ತುಂಬುವವರಾರು? ಈ ಅಂಜಿಕೆ ಸುಳ್ಳಲ್ಲ. ೨೦೦೫ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ನೇಮಕವಾಗತೊಡಗಿದ ಆಶಾ ಕಾರ್ಯಕರ್ತೆಯರನ್ನು ಯೋಜನೆಯು ‘ಸ್ವಯಂಸೇವಕಿಯರು’ ಎಂದೇ ಕರೆದು, ಸಂಬಳಕ್ಕೆ ಬದಲಾಗಿ ಪ್ರೋತ್ಸಾಹಧನವನ್ನು ಗೊತ್ತುಪಡಿಸಿತು. ಗರ್ಭಿಣಿಯರಿಂದ ಹಿಡಿದು ಕೋವಿಡ್ ರೋಗಿಗಳವರೆಗೆ ಮನೆಮನೆ ಸುತ್ತಿದವರು ಅವರು. ನಿಶ್ಚಿತವಾದ ವೇತನಕ್ಕಾಗಿ ನಮ್ಮ ರಾಜ್ಯದಲ್ಲಿಯೇ ಅವರು ಮತ್ತೆ ಮತ್ತೆ ಬೀದಿಗಿಳಿಯಬೇಕಾಯಿತು. ದಿನವೆಲ್ಲ ದುಡಿಯುವವರ ದುಡಿಮೆಗೆ ಸೇವೆಯೆಂಬ ಹೆಸರಿಟ್ಟು ಕೂಲಿಯನ್ನು ತಪ್ಪಿಸುವುದು ಧರ್ಮವಲ್ಲ. ಆದುದರಿಂದ ವಿದ್ಯಾರ್ಥಿ ಸ್ವಯಂಸೇವಕರಿಗೆ ಒಂದು ಎಲ್ಲೆಯನ್ನು ಹಾಕಿಕೊಡಬೇಕು: ಆಸ್ಪತ್ರೆಯಲ್ಲಿ ಯಾವ ಕೆಲಸಕ್ಕೆ ಮಂಜೂರಾದ ಹುದ್ದೆಯಿದೆಯೋ ಆ ಕೆಲಸವನ್ನು ಅವರಿಂದ ಮಾಡಿಸಬಾರದು. ದಾದಿಯಿಲ್ಲದ ವಾರ್ಡಿಗೆ ಬೇಕಾದವಳು ದಾದಿ, ಸ್ವಯಂಸೇವಕನಲ್ಲ.

ಏನಾಗಬೇಕು?

ರಾಷ್ಟ್ರೀಯ ಸೇವಾ ಯೋಜನೆಯು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ ೧೯೬೯ರಲ್ಲಿ ೩೭ ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಯಿತು. ಅದನ್ನು ಸೇರಿದ ವಿದ್ಯಾರ್ಥಿಯು ವರ್ಷಕ್ಕೆ ೧೨೦ ಗಂಟೆಗಳ ಸೇವೆ ಮಾಡಬೇಕೆಂಬುದು ನಿಯಮ. ಬೇರೆ ಕಾರ್ಯಗಳ ಜೊತೆಗೆ ಆಸ್ಪತ್ರೆಯ ಸೇವೆಯನ್ನೂ ಕಾಲೇಜುಗಳು ಒಂದು ಮಾರ್ಗವಾಗಿ ಏಕೆ ಇಡಬಾರದು? ಅದನ್ನು ಆರಿಸಿಕೊಂಡವರಿಗೆ ೨೦ ಗಂಟೆಗಳ ತರಬೇತಿ. ಉಳಿದ ೧೦೦ ಗಂಟೆಗಳನ್ನು ವಾರಕ್ಕೆ ಎರಡೂವರೆ ಗಂಟೆಯಂತೆ ೪೦ ವಾರಗಳಿಗೆ ಹಂಚಬಹುದು. ಪರೀಕ್ಷೆಯ ದಿನಗಳಿಗೂ ರಜೆಗೂ ಇನ್ನು ೧೨ ವಾರಗಳು ಮಿಗುತ್ತವೆ. ಕೊಣನೂರಿನಂಥ ಊರಿನ ವೈದ್ಯಾಧಿಕಾರಿಯೂ ಕಾಲೇಜಿನ ಪ್ರಾಂಶುಪಾಲರೂ ಒಂದು ಮಧ್ಯಾಹ್ನ ಕೂತು ಮಾತನಾಡಿದರೆ ಇದು ಸಾಧ್ಯ; ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ.

ತರಬೇತಿಯಲ್ಲಿ ಐದು ವಿಷಯಗಳಿದ್ದರೆ ಸಾಕು. ಮೊದಲನೆಯದು ಕೈ ತೊಳೆಯುವ ಕ್ರಮ, ಸೋಂಕು ಹರಡುವ ಬಗೆ. ಎರಡನೆಯದು ಉಪವಾಸದ ಗುರುತು, ಪಥ್ಯದ ಗುರುತು, ಯಾರಿಗೆ ಏನನ್ನೂ ಕೊಡಬಾರದು ಎಂಬುದು. ಮೂರನೆಯದು ಗುಟ್ಟನ್ನು ಕಾಯುವುದು. ನಾಲ್ಕನೆಯದು ವೃದ್ಧರೊಡನೆ, ಮಕ್ಕಳೊಡನೆ, ನೋವಿನಲ್ಲಿರುವವರೊಡನೆ ಮಾತನಾಡುವ ರೀತಿ. ಐದನೆಯದು ಆಸ್ಪತ್ರೆಯ ಕಸದ ವಿಚಾರ. ೨೦೧೬ರ ನಿಯಮಗಳ ಪ್ರಕಾರ ರಕ್ತ ಅಂಟಿದ ಹತ್ತಿ, ಬ್ಯಾಂಡೇಜುಗಳು ಹಳದಿ ಚೀಲಕ್ಕೆ, ಪ್ಲಾಸ್ಟಿಕ್ ಕೊಳವೆಗಳು ಕೆಂಪು ಚೀಲಕ್ಕೆ, ಸೂಜಿಗಳು ಚುಚ್ಚಲಾಗದ ಬಿಳಿಯ ಡಬ್ಬಿಗೆ, ಗಾಜು ನೀಲಿ ಗುರುತಿನ ಪೆಟ್ಟಿಗೆಗೆ ಹೋಗಬೇಕು. ಇವನ್ನು ಗುರುತಿಸಲು ಕಲಿಯಬೇಕು, ಆದರೆ ಮುಟ್ಟಲು ಅಲ್ಲ. ನೆಲದ ಮೇಲೆ ಬಿದ್ದ ಸೂಜಿಯನ್ನು ಕಂಡರೆ ಅಲ್ಲಿಯೇ ನಿಂತು ಯಾರೂ ತುಳಿಯದಂತೆ ನೋಡಿಕೊಂಡು ಸಿಬ್ಬಂದಿಯನ್ನು ಕರೆಯುವುದೇ ಅವನ ಕೆಲಸ. ರೋಗಿಗೆ ಚುಚ್ಚಿದ ಸೂಜಿ ತಗಲಿದರೆ ಹೆಚ್.ಐ.ವಿ. ಅಂಟುವ ಸಂಭವವು ಸಾವಿರಕ್ಕೆ ಸುಮಾರು ೩. ಲಸಿಕೆ ಪಡೆಯದವನಿಗೆ ಹೆಪಟೈಟಿಸ್-ಬಿ ಅಂಟುವ ಸಂಭವವು ನೂರಕ್ಕೆ ೬ರಿಂದ ೩೦ರವರೆಗೆ. ಆರು ತಿಂಗಳಲ್ಲಿ ಮೂರು ಬಾರಿ ಕೊಡುವ ಹೆಪಟೈಟಿಸ್-ಬಿ ಲಸಿಕೆಯನ್ನು ಸೇವೆಗೆ ಬರುವವರಿಗೆಲ್ಲ ಮುಂಚೆಯೇ ಕೊಡಿಸುವುದು ಕಾಲೇಜಿನ ಕರ್ತವ್ಯ.

ಹದಿನೆಂಟು ತುಂಬದ ಪ್ರೌಢಶಾಲೆಯ ವಿದ್ಯಾರ್ಥಿಗಳು ವಾರ್ಡಿನೊಳಕ್ಕೆ ಹೋಗುವ ಆತುರ ಪಡಬೇಕಾಗಿಲ್ಲ. ಜೂನಿಯರ್ ರೆಡ್ ಕ್ರಾಸಿನಲ್ಲಿ ಪ್ರಥಮ ಚಿಕಿತ್ಸೆಯನ್ನು ಕಲಿಯಬಹುದು. ಶಿಕ್ಷಕರ ಜೊತೆಯಲ್ಲಿ ಹೋಗಿ ಹೊರರೋಗಿಗಳ ಸಾಲಿನ ಬಳಿ ಓದು ಬಾರದವರಿಗೆ ಫಲಕಗಳನ್ನು ಓದಿ ಹೇಳಬಹುದು, ದಾರಿ ತೋರಿಸಬಹುದು.

ತರುಣರಿಗೆ

ಕೊನೆಯದಾಗಿ, ನಾಳೆಯೇ ಆರಂಭಿಸಬೇಕೆಂದಿರುವ ತರುಣ ಮಿತ್ರರಿಗೆ ಕೆಲವು ಮಾತುಗಳು. ಉಗುರು ಕತ್ತರಿಸಿಕೊಳ್ಳಿ, ಉಂಗುರ, ಬಳೆಗಳನ್ನು ಮನೆಯಲ್ಲಿಡಿ, ಅವುಗಳ ಸಂದಿಯಲ್ಲಿ ರೋಗಾಣುಗಳು ಉಳಿಯುತ್ತವೆ. ನಿಮಗೆ ನೆಗಡಿಯೋ ಜ್ವರವೋ ಇದ್ದ ದಿನ ಹೋಗಬೇಡಿ. ನಿಮಗೆ ಎರಡು ದಿನದ ಕಾಯಿಲೆಯಾದದ್ದು ಶಕ್ತಿಗುಂದಿದ ರೋಗಿಗೆ ಕೊನೆಯ ಕಾಯಿಲೆಯಾಗಬಹುದು. ಓಡುವ ಗ್ಲೂಕೋಸಿನ ಹನಿಯನ್ನು ಹೆಚ್ಚಿಸಲೂ ಬೇಡಿ, ಕಡಮೆ ಮಾಡಲೂ ಬೇಡಿ. “ಡಾಕ್ಟರು ಬರೆದ ಮಾತ್ರೆ ಸರಿಯೇ?” ಎಂದು ರೋಗಿ ಕೇಳಿದರೆ ಉತ್ತರ ಹೇಳಬೇಡಿ, ಕೇಳಬೇಕಾದವರ ಬಳಿಗೆ ಆ ಪ್ರಶ್ನೆಯನ್ನು ಮುಟ್ಟಿಸಿ. ವೈದ್ಯನಾಗಬೇಕೆಂಬ ಆಸೆಯಿದ್ದರೆ ಒಳ್ಳೆಯದೇ. ಆದರೆ ವಾರ್ಡಿನಲ್ಲಿ ಇರುವಷ್ಟು ಹೊತ್ತು ನೀವು ವೈದ್ಯರಲ್ಲ ಎಂಬುದು ನೆನಪಿರಲಿ. ಬರುತ್ತೇನೆಂದು ಹೇಳಿದ ದಿನ ತಪ್ಪದೆ ಹೋಗಿ. ಭಾನುವಾರ ಬರುವ ಹುಡುಗನಿಗಾಗಿ ಸೋಮವಾರದಿಂದ ಕಾಯುವ ರೋಗಿಗಳುಂಟು.

“ನನಗೆ ತಿಳಿಯದು, ಸಿಸ್ಟರನ್ನು ಕೇಳಿ ಬರುತ್ತೇನೆ” ಎಂಬ ಮಾತನ್ನು ಸಂಕೋಚವಿಲ್ಲದೆ ಆಡಲು ಕಲಿತವನೇ ಒಳ್ಳೆಯ ಸ್ವಯಂಸೇವಕ. ತಿಳಿದುದು ಎಷ್ಟು, ತಿಳಿಯದುದು ಎಷ್ಟು ಎಂಬ ಎಚ್ಚರವೇ ವಿಜ್ಞಾನದ ಮೊದಲ ಪಾಠವೂ ಹೌದು. ತರಗತಿಯಲ್ಲಿ ಆ ಪಾಠವನ್ನು ತಪ್ಪಿದವನಿಗೆ ಅಂಕಗಳು ಕಡಮೆಯಾಗುತ್ತವೆ. ಆಸ್ಪತ್ರೆಯಲ್ಲಿ ಅದರ ದಂಡವನ್ನು ತೆರುವವನು ಮಂಚದ ಮೇಲೆ ಮಲಗಿರುವ ರೋಗಿ.